ಅಜ್ಜಿಮನೆ ಹೊಳೆ ಸಿಲಬಸ್‌ಗೆ ಬಂದ ದಿನ

ಫೆಬ್ರವರಿ 2ರಂದು ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ, ಜೌಗು ಪ್ರದೇಶ ಉಳಿಸುವ ರಾಮ್ಸರ್ ಒಪ್ಪಂದದ ಬಗ್ಗೆ ನಡೆದ ಮಾತಿದು. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ಪುಟ್ಟ ನನ್ನ ಅಕ್ಕನ ಮಗ, ಧಾರವಾಡದಲ್ಲಿ ಕೂತು ನಾಗರಿಕ ಸೇವಾ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಭಾವ ಅವನ ಅಪ್ಪ, ಹಿರಿಯೂರಿನ ರೈತ. ಅಣ್ಣ ಗದಗದಲ್ಲಿದ್ದಾನೆ, ತಮ್ಮ ಬೆಂಗಳೂರಿನಲ್ಲಿ. ಆಯಿ ಅಂದರೆ ನಮ್ಮ ಅಮ್ಮ. ನಾನು ಕುಮಟೆ ಕಡೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ.

ಬೆಳಿಗ್ಗೆ 7:12

ಪುಟ್ಟ: (ಫಾರ್ವರ್ಡ್) ಇಂದು ವಿಶ್ವ ಜೌಗು ಪ್ರದೇಶ ದಿನ. ಒಂದೇ ಸಾಲಲ್ಲಿ ನೆನಪಿಡಿ! ರಾಮ್ಸರ್ = ವಿಶ್ವಸಂಸ್ಥೆಯ ಒಪ್ಪಂದ, ಇರಾನ್, 1971. ಭಾರತದಲ್ಲಿ 80 ತಾಣ. ಕರ್ನಾಟಕ 4: ರಂಗನತಿಟ್ಟು (ಮಂಡ್ಯ), ಮಾಗಡಿ ಕೆರೆ (ರಾಮನಗರ), ಅಂಕಸಮುದ್ರ (ವಿಜಯನಗರ), ಅಘನಾಶಿನಿ ಅಳಿವೆ (ಉತ್ತರ ಕನ್ನಡ, 4801 ಹೆಕ್ಟೇರ್). ಪಟ್ಟಿಗೆ ಸೇರಿದ ಜಾಗದಲ್ಲಿ ಮೀನುಗಾರಿಕೆ, ಕೃಷಿ, ನಿರ್ಮಾಣ ಸಂಪೂರ್ಣ ನಿಷೇಧ. 20 ಗುಂಪಿಗೆ ಕಳಿಸಿ.

ಪುಟ್ಟ: ಅಜ್ಜಿಮನೆ ಹೊಳೆ ಅಘನಾಶಿನಿ ಸಿಲಬಸ್‌ಗೆ ಬಂದಿದೆ ನೋಡಿ ಎಲ್ಲರೂ!

ಭಾವ: ಶಭಾಷ್. ಚೆನ್ನಾಗಿ ಉರು ಹೊಡಿ.

ಅಣ್ಣ: ಅಲ್ಲೋ ಪುಟ್ಟಾ, ಮಾಗಡಿ ಕೆರೆ ರಾಮನಗರದಾಗ ಎಲ್ಲಿ ಬಂತು? ಕೆಂಪೇಗೌಡರ ಮಾಗಡಿ ಬ್ಯಾರೆ, ಈ ಮಾಗಡಿ ಬ್ಯಾರೆ. ಇದು ನಮ್ಮ ಗದಗ ಜಿಲ್ಲಾ, ಶಿರಹಟ್ಟಿ ತಾಲೂಕು. ಹೋದ ಭಾನುವಾರ ಬೆಳಕು ಹರಿಯೋ ಮೊದಲೇ ಹೋಗಿದ್ದೆ. ಹೆಬ್ಬಾತು ಸಾಲುಗಟ್ಟಿ ಏಳ್ತಾವ, ಹೊಲದ ಕಡೆ ಹೋಗ್ತಾವ, ಬಿಸಿಲೇರಿದ ಮ್ಯಾಲೆ ಕೆರೆಗೆ ವಾಪಸ್. ತಲೆ ಮ್ಯಾಲೆ ಎರಡು ಕಪ್ಪು ಪಟ್ಟಿ. ಹಿಮಾಲಯ ದಾಟಿ ಬಂದಾವ ಅವು, ರಾಮನಗರಕ್ಕ ಕಳಿಸಬ್ಯಾಡ.

ತಮ್ಮ: ನನಗೆ ಕೊನೆ ಸಾಲು ಓದಿ ಹೊಟ್ಟೆ ಉರೀತು. ಮೀನು ಹಿಡಿಯೋದು ನಿಷೇಧವಂತೆ! ನಮ್ಮೂರಲ್ಲಿ ಬಳಚು (ಚಿಪ್ಪುಮೀನು) ಆರಿಸಿ ಮನೆ ನಡೆಸೋ ಹೆಂಗಸರು ಎಲ್ಲಿ ಹೋಗಬೇಕು? ಸ್ವಿಟ್ಜರ್ಲೆಂಡಿನಲ್ಲಿ ಕೂತು ಯಾರೋ ಗೆರೆ ಎಳೀತಾರೆ, ಇಲ್ಲಿಯವರು ಬುಟ್ಟಿ ಕೆಳಗಿಡಬೇಕಾ?

ಭಾವ: ಒಳ್ಳೇದೇ ಆಯ್ತಲ್ಲ. ವಿಶ್ವಸಂಸ್ಥೆ ಕೈ ಇಟ್ಟ ಮೇಲೆ ಯಾವ ಕಂಪನಿಯೂ ಮುಟ್ಟಂಗಿಲ್ಲ. ಹೊಳೆ ಉಳೀತು ಅಂದ್ಕೋ.

ನಾನು: ಇಬ್ಬರದೂ ತಪ್ಪು. ಪುಟ್ಟಾ, ಆ ಚಿತ್ರ ಯಾರು ಕಳಿಸಿದರೋ ಗೊತ್ತಿಲ್ಲ, ಆದರೆ ನಾಲ್ಕು ಸಾಲಿನಲ್ಲಿ ನಾಲ್ಕು ತಪ್ಪಿದೆ. ಶಾಲೆಗೆ ಹೊರಟಿದ್ದೇನೆ, ಊಟದ ಹೊತ್ತಿಗೆ ಬರೀತೇನೆ. ಅಲ್ಲಿಯವರೆಗೆ ಅದನ್ನು ಇನ್ನೊಂದು ಗುಂಪಿಗೆ ಕಳಿಸಬೇಡ.

ಪುಟ್ಟ: ಚಿಕ್ಕಮ್ಮಾ, ಯುಪಿಎಸ್‌ಸಿ ಪ್ರಿಲಿಮ್ಸ್‌ಗೆ ಇಷ್ಟು ಸಾಕು. ಸರಿ ಉತ್ತರಕ್ಕೆ 2 ಅಂಕ, ತಪ್ಪಾದರೆ ಮೂರನೇ ಒಂದು ಭಾಗ ಕಡಿತ. ಆಳಕ್ಕೆ ಇಳಿದರೆ ಉಳಿದ ವಿಷಯ ಓದೋದು ಯಾವಾಗ?

ಮಧ್ಯಾಹ್ನ 1:20

ನಾನು: ಅಂಕದ ಲೆಕ್ಕದಲ್ಲೇ ನೋಡೋಣ. 2019ರ ಯುಪಿಎಸ್‌ಸಿ ಪ್ರಿಲಿಮ್ಸ್ ಪತ್ರಿಕೆ ತೆಗಿ. ರಾಮ್ಸರ್ ಒಪ್ಪಂದದ ಪ್ರಕಾರ ದೇಶದ ಎಲ್ಲ ಜೌಗು ಪ್ರದೇಶಗಳನ್ನೂ ಸಂರಕ್ಷಿಸುವುದು ಭಾರತ ಸರ್ಕಾರಕ್ಕೆ ಕಡ್ಡಾಯ ಅಂತ ಒಂದು ಹೇಳಿಕೆ ಕೊಟ್ಟಿದ್ದರು. ಅದು ತಪ್ಪು ಹೇಳಿಕೆ. ನಿನ್ನ ಫಾರ್ವರ್ಡ್ ನಂಬಿದವನು ಸರಿ ಅಂತ ಗುರುತು ಹಾಕಿ ಬರ್ತಾನೆ. 2014ರಲ್ಲಿ ಮಾಂಟ್ರೋ ದಾಖಲೆ (ಗುಣ ಕೆಡುತ್ತಿರುವ ತಾಣಗಳ ಪಟ್ಟಿ) ಅಂದರೇನು ಅಂತ ಕೇಳಿದ್ದರು. ತಾಣ ಎಷ್ಟು ಅಂತ ಕೇಳಿರಲಿಲ್ಲ. ಆ ಎಣಿಕೆ ನಿಲ್ಲುವುದೇ ಇಲ್ಲ: 80 ಅನ್ನೋದು 2024ರ ಜನವರಿ ಕೊನೆಯ ಲೆಕ್ಕ, ನಮ್ಮ ಅಘನಾಶಿನಿ, ಮಾಗಡಿ, ಅಂಕಸಮುದ್ರ ಸೇರಿದಾಗಿನದು. ಅದೇ ಆಗಸ್ಟ್‌ಗೆ 85, 2025ರ ಜೂನ್‌ಗೆ 91.

ನಾನು: ಇನ್ನು ವಿಶ್ವಸಂಸ್ಥೆ. ರಾಮ್ಸರ್ ಇರಾನಿನ ಕ್ಯಾಸ್ಪಿಯನ್ ಸಮುದ್ರದ ದಡದ ಊರು, 1971ರ ಫೆಬ್ರವರಿ 2ರಂದು ಅಲ್ಲಿ ಸಹಿ ಬಿದ್ದದ್ದು ಸರಿ. ಆದರೆ ಅದು ವಿಶ್ವಸಂಸ್ಥೆಯ ಒಪ್ಪಂದ ಅಲ್ಲ, ದೇಶ ದೇಶಗಳು ತಾವೇ ಮಾಡಿಕೊಂಡದ್ದು. ಒಪ್ಪಂದದ ಕಾಗದ ಕಾಪಿಡುವ ಕೆಲಸ ಯುನೆಸ್ಕೋದ್ದು, ಕಚೇರಿ ಸ್ವಿಟ್ಜರ್ಲೆಂಡಿನ ಗ್ಲಾಂಡ್‌ನಲ್ಲಿ. ಭಾರತ ಸೇರಲು ಒಪ್ಪಿದ್ದು 1981ರಲ್ಲಿ, ನಮಗೆ ಅದು ಜಾರಿಗೆ ಬಂದದ್ದು 1982ರಲ್ಲಿ. ತಮ್ಮಾ, ಗ್ಲಾಂಡ್‌ನಲ್ಲಿ ಕೂತವರು ಗೆರೆ ಎಳೆಯಲಿಲ್ಲ. ಯಾವ ಜಾಗ ಪಟ್ಟಿಗೆ ಸೇರಬೇಕು, ಗಡಿ ಎಲ್ಲಿವರೆಗೆ ಅಂತ ಹೇಳಿ ಕಳಿಸುವುದು ನಮ್ಮ ಸರ್ಕಾರವೇ. ನಿಷೇಧ ಅನ್ನೋದಂತೂ ಶುದ್ಧ ಸುಳ್ಳು. ಒಪ್ಪಂದದ ಜೀವ ಇರೋದೇ ‘ವಿವೇಕದ ಬಳಕೆ’ ಅನ್ನೋ ಮಾತಿನಲ್ಲಿ. ಬಳಸು, ಆದರೆ ಜಾಗದ ಗುಣ ಕೆಡದ ಹಾಗೆ ಬಳಸು. ಬಳಚು ಆರಿಸುವ ಹೆಂಗಸರು ಆ ಮಾತಿಗೆ ಹೊರಗಿನವರಲ್ಲ, ಆ ಮಾತು ಇರುವುದೇ ಅಂಥವರಿಗಾಗಿ.

ಪುಟ್ಟ: ವಿವೇಕದ ಬಳಕೆ! ಹೋದ ಸಲ ಬರೆದ ರಾಜ್ಯದ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆ ಮೂರು ಸಲ ಓದಿದರೂ ತಲೆಬುಡ ತಿಳಿಯದೆ ಪಕ್ಕದ ಇಂಗ್ಲಿಷ್ ನೋಡಿ ಉತ್ತರ ಬರೆದೆ. ಈ ಪದವನ್ನು ಯಾರಾದರೂ ಹೀಗೆ ಬಿಡಿಸಿ ಹೇಳಿದ್ದರೆ ಸಾಕಿತ್ತು.

ಅಣ್ಣ: ಕನ್ನಡದಾಗ ಓದಿದ ಹುಡುಗರಿಗೆ ಅದು ದೊಡ್ಡ ಅನ್ಯಾಯ. ಅದರ ಮಾತು ಬ್ಯಾರೆ ಆಡೋಣು.

ತಮ್ಮ: ಸರಿ, ನಿಷೇಧ ಇಲ್ಲ ಅಂತಾಯ್ತು. ಹಾಗಿದ್ದರೆ ಪಟ್ಟಿಯಿಂದ ಉಪಯೋಗ ಏನು?

ಭಾವ: ಅದೇ ನಾನು ಹೇಳಿದ್ದು. ರಕ್ಷಣೆ.

ನಾನು: ಭಾವ, ಪಟ್ಟಿ ತಾನಾಗಿ ಯಾರನ್ನೂ ತಡೆಯೋದಿಲ್ಲ. ತುರ್ತು ರಾಷ್ಟ್ರಹಿತ ಅಂತ ಹೇಳಿ ಗಡಿ ಕುಗ್ಗಿಸುವುದಕ್ಕೂ, ಪಟ್ಟಿಯಿಂದ ತೆಗೆಯುವುದಕ್ಕೂ ಒಪ್ಪಂದದಲ್ಲೇ ದಾರಿ ಇದೆ. ಬದಲಿಗೆ ಸಾಧ್ಯವಾದಷ್ಟು ಬೇರೆ ಜೌಗು ಉಳಿಸಿಕೊಡಬೇಕು ಅಂತ ಹೇಳ್ತದೆ, ಅಷ್ಟೇ. ನೆಲದ ಮೇಲೆ ತಡೆಯಬೇಕಾದದ್ದು ನಮ್ಮ ಕಾನೂನು. ಪುಟ್ಟಾ, ಇಲ್ಲಿ ಗಮನ ಕೊಡು, ಇದು ಮುಖ್ಯ ಪರೀಕ್ಷೆಗೆ ಬೇಕು. 2017ರ ಜೌಗು ಪ್ರದೇಶ ನಿಯಮದಲ್ಲಿ ಒತ್ತುವರಿ, ಕೈಗಾರಿಕೆ, ಕಸ ಸುರಿಯುವುದು, ಕೊಳಚೆ ಬಿಡುವುದು, ಪಕ್ಕಾ ಕಟ್ಟಡ ಎಲ್ಲಕ್ಕೂ ತಡೆ ಇದೆ. ಆದರೆ ವನ್ಯಜೀವಿ ಕಾಯ್ದೆಯಡಿ ಬರುವ ಜೌಗುಗಳನ್ನೂ ಕರಾವಳಿ ನಿಯಂತ್ರಣ ವಲಯದೊಳಗೆ (ಸಿಆರ್‌ಝಡ್) ಬರುವ ಜೌಗುಗಳನ್ನೂ ಅದೇ ನಿಯಮ ಹೊರಗಿಟ್ಟಿದೆ. ನಮ್ಮ ಅಳಿವೆ ಬರುವುದು ಕರಾವಳಿ ವಲಯದಲ್ಲಿ. ಹಾಗಾಗಿ ಅಂಕಸಮುದ್ರಕ್ಕೆ ವನ್ಯಜೀವಿ ಕಾಯ್ದೆ ನೋಡಿದರೆ, ಅಘನಾಶಿನಿಗೆ ಸಿಆರ್‌ಝಡ್ ಅಧಿಸೂಚನೆ ನೋಡಬೇಕು. ನಾಲ್ಕು ಹೆಸರನ್ನು ಒಂದೇ ಸಾಲಲ್ಲಿ ಕಟ್ಟಿಹಾಕಿದರೆ ಇದು ಕಾಣೋದಿಲ್ಲ.

ಆಯಿ: (ಧ್ವನಿ ಸಂದೇಶ. ಎಲ್ಲರಿಗೂ ಕೇಳಲಿ ಅಂತ ನಾನೇ ಬರೆದು ಹಾಕಿದೆ.) ನಮ್ಮ ಹೊಳೆಯ ಬಾಯಲ್ಲಿರುವ ಆ ತದಡಿಗೆ ಕರೆಂಟಿನ ಕಾರ್ಖಾನೆ ಬರ್ತದೆ ಅಂದಾಗ ಯಾವ ಪಟ್ಟಿ ಇತ್ತು? ನಾಲ್ಕು ಸಾವಿರ ಮೆಗಾವ್ಯಾಟ್ ಅಂತಿದ್ದರು. ಊರವರೇ ಹೋಗಿ ಕೂತದ್ದು. ನಿಮ್ಮ ಅಪ್ಪ ಗದ್ದೆ ಕೆಲಸ ಬಿಟ್ಟು ಹೋದವರು. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಅದನ್ನೂ ಬರಿ ಅಂತ ಹೇಳು ಪುಟ್ಟನಿಗೆ.

ತಮ್ಮ: ಆಯಿ ಹೇಳಿದ್ದಕ್ಕೆ ನನ್ನ ಪೂರ್ತಿ ಮತ.

ಸಂಜೆ 6:05

ಭಾವ: ನಾನು ಬೆಳಿಗ್ಗೆಯಿಂದ ಓದ್ತಾ ಇದೀನಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅಘನಾಶಿನಿ ನೀರನ್ನ ನಮ್ಮ ಕಡೆಯ ವೇದಾವತಿ ಹೊಳೆಗೆ ತರೋ ಪ್ರಸ್ತಾಪ ಇದೆ. ನಿಮ್ಮ ಕಡೆಯವರೆಲ್ಲ ಬೇಡ ಅಂತಾರೆ. ಆ ನೀರು ಮಳೆಗಾಲದಲ್ಲಿ ಸುಮ್ಮನೆ ಸಮುದ್ರಕ್ಕೆ ಹೋಗುತ್ತೆ. ಇಲ್ಲಿ ನಮ್ಮ ತೋಟದಲ್ಲಿ ಎಷ್ಟು ಕೊಳವೆಬಾವಿ ಬತ್ತಿದಾವೆ ಅಂತ ನಿಮ್ಮಕ್ಕನ ಕೇಳು. ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ನಮ್ಮಪ್ಪ ಅದನ್ನ ನೋಡದೇ ಹೋದರು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಅಂದ್ರು, ನಾವು ಇನ್ನೂ ಕಾಯ್ತಾ ಇದೀವಿ. ಚಿಪ್ಪಿಗೆ ನೀರು ಬೇಕು, ಸರಿ. ಮನುಷ್ಯರಿಗೆ ಬೇಡವಾ?

ಅಕ್ಕ: ಹೌದು ಕಣೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡಿ ಮಾಡಿ ಸಾಕಾಗಿದೆ.

ಇದಕ್ಕೆ ಒಂದು ಗಂಟೆ ಯಾರೂ ಬರೆಯಲಿಲ್ಲ. ಭಾವನ ಸಿಟ್ಟು ಸುಳ್ಳಲ್ಲ, ಅವರ ಮನೆಯಲ್ಲಿ ನಿಂತು ನೋಡಿದ್ದೇನೆ. ಆದರೂ ‘ಸುಮ್ಮನೆ ಸಮುದ್ರಕ್ಕೆ’ ಅನ್ನೋ ಮಾತನ್ನು ಹಾಗೇ ಬಿಡಲಾಗಲಿಲ್ಲ.

ನಾನು: ಭಾವ, ಬೇಜಾರಿಲ್ಲ. ನಿಮ್ಮ ಕಷ್ಟ ಸಣ್ಣದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆ ನೀರು ಇಲ್ಲಿ ಏನು ಮಾಡ್ತದೆ ಅಂತ ಮಾತ್ರ ಕೇಳಿ. ಮಾಣಿಕಟ್ಟಾದ ಗಜನಿ ಗದ್ದೆಯಲ್ಲಿ (ಉಪ್ಪುನೀರು ನುಗ್ಗುವ ಹೊಳೆಬದಿಯ ಗದ್ದೆ) ಕಗ್ಗ ಭತ್ತ ಬೆಳೀತಾರೆ. ಬೇಸಿಗೆಯಲ್ಲಿ ಆ ಮಣ್ಣನ್ನು ನಾಲಿಗೆಗಿಟ್ಟರೆ ಉಪ್ಪು. ಮಳೆಯ ಸಿಹಿನೀರು ಬಂದು ಉಪ್ಪನ್ನು ತೊಳೆದ ಮೇಲೇ ಮೊಳಕೆ ನಿಲ್ಲುವುದು. ಕೊಯ್ಲಾದ ಮೇಲೆ ಕೊಳೆತ ಕೂಳೆಯೇ ಸಿಗಡಿಗೆ, ಮೀನಿಗೆ ಮೇವು. ಬಳಚು ಕೂಡ ಪೂರ್ತಿ ಉಪ್ಪಿನಲ್ಲೂ ಬದುಕೋದಿಲ್ಲ, ಪೂರ್ತಿ ಸಿಹಿಯಲ್ಲೂ ಬದುಕೋದಿಲ್ಲ, ಅದಕ್ಕೆ ಎರಡರ ಹದ ಬೇಕು. ಮೊನ್ನೆ ಇಳಿತದ ಹೊತ್ತಿಗೆ ಹೊಳೆಗೆ ಇಳಿದಿದ್ದೆ. ಪಕ್ಕದ ಮನೆಯ ಅಮ್ಮ ಸೊಂಟದವರೆಗಿನ ನೀರಲ್ಲಿ ನಿಂತು ಕಾಲಲ್ಲೇ ಕೆಸರು ತಡಕಿ, ಇಲ್ಲಿದೆ ಅಂತ ಬಗ್ಗಿ ತೆಗೆದರು. ಬೆರಳ ಉಗುರಿನಷ್ಟಿದ್ದ ಮರಿಯನ್ನು ನೋಡಿ ವಾಪಸ್ ಕೆಸರಿಗೆ ಒತ್ತಿದರು. ಹೊಳೆ ಸಮುದ್ರಕ್ಕೆ ಸೇರುವ ಮೊದಲು ಇಷ್ಟೆಲ್ಲ ಕೆಲಸ ಮುಗಿಸಿಯೇ ಹೋಗುವುದು.

ನಾನು: ಪುಟ್ಟಾ, ನಿನ್ನ 4801 ಹೆಕ್ಟೇರ್ ಅನ್ನೋದು ಅಳಿವೆಯ ಅಳತೆ. ನೀರು ಹುಟ್ಟುವುದು ಶಿರಸಿಯ ಗುಡ್ಡದಲ್ಲಿ, ಅದು ಗೆರೆಯ ಹೊರಗೆ. ಬಾಗಿಲಿಗೆ ಬೀಗ ಹಾಕಿ ಹಿತ್ತಲು ತೆರೆದಿಟ್ಟ ಹಾಗೆ. ಇದಕ್ಕೆ ರಾಜಸ್ಥಾನದ ಭರತಪುರದ ಕೇವಲಾದೇವ್ ಪಕ್ಷಿಧಾಮ ನೋಡು. 1981ರಿಂದ ರಾಮ್ಸರ್ ತಾಣ, 1985ರಿಂದ ವಿಶ್ವ ಪರಂಪರೆ ತಾಣ, ಎರಡೂ ಕಿರೀಟ ಇದೆ. ಮೇಲೆ ಕರೌಲಿಯಲ್ಲಿ ಪಾಂಚನಾ ಅಣೆಕಟ್ಟು ಗಂಭೀರ್ ನದಿಯ ನೀರು ಹಿಡಿಯಿತು, 2000ರ ದಶಕದಲ್ಲಿ ಕೆಳಗೆ ಹಕ್ಕಿಗಳ ಕೊಳ ಒಣಗಿತು. ಕರೌಲಿಯ ರೈತರಿಗೂ ನೀರು ಬೇಕೇ ಇತ್ತು ಭಾವ, ಥೇಟ್ ನಿಮ್ಮ ಹಾಗೆ. ಆಮೇಲೆ ದೂರದಿಂದ ಪೈಪು ಹಾಕಿ ನೀರು ತರಬೇಕಾಯಿತು. ಕೇವಲಾದೇವ್ ಮತ್ತು ಮಣಿಪುರದ ಲೋಕ್ತಕ್ ಇವತ್ತಿಗೂ ಮಾಂಟ್ರೋ ದಾಖಲೆಯಲ್ಲಿವೆ. ಮನುಷ್ಯರ ಕೈಯಿಂದ ಗುಣ ಕೆಟ್ಟ, ಕೆಡುತ್ತಿರುವ ತಾಣಗಳ ಹೆಸರು ಬರೆದಿಡುವ ದಾಖಲೆ ಅದು.

ಅಣ್ಣ: ಅದರಾಗಿಂದ ಹೊರಗ ಬಂದದ್ದೂ ಐತಲ್ಲ? ಒಡಿಶಾದ ಚಿಲಿಕಾ ಸರೋವರ?

ನಾನು: ಬಂತು. ಸಮುದ್ರದ ಬಾಯಿ ಹೂಳು ತುಂಬಿ, ಉಪ್ಪುನೀರು ಒಳಗೆ ಬರದೆ ಚಿಲಿಕಾ ಕೆಟ್ಟಿತ್ತು. 2000ದಲ್ಲಿ ಹೊಸ ಬಾಯಿ ತೋಡಿದರು, ಹದ ಮರಳಿತು, ಮೀನು ಮರಳಿತು. 2002ರಲ್ಲಿ ಆ ದಾಖಲೆಯಿಂದ ಹೆಸರು ತೆಗೆದರು. ಅಲ್ಲಿ ಉಪ್ಪು ಕಮ್ಮಿಯಾಗಿ ಕೆಟ್ಟದ್ದು, ಇಲ್ಲಿ ಸಿಹಿನೀರು ಕಮ್ಮಿಯಾದರೆ ಕೆಡ್ತದೆ.

ರಾತ್ರಿ 8:40

ಪುಟ್ಟ: ಚಿಕ್ಕಮ್ಮಾ, ಹಾಗಾದರೆ ನದಿ ತಿರುಗಿಸಿದರೆ ಒಪ್ಪಂದ ಮುರಿದ ಹಾಗಾ?

ನಾನು: ಅಷ್ಟು ನೇರ ಹೇಳಲಾಗದು. ತಾಣದ ಗುಣ ಬದಲಾಗಿದ್ದರೆ, ಬದಲಾಗುವ ಹಾಗಿದ್ದರೆ ತಡಮಾಡದೆ ತಿಳಿಸಬೇಕು ಅಂತ ಒಪ್ಪಂದದ 3ನೇ ವಿಧಿ ಹೇಳ್ತದೆ. ದಂಡ ಹಾಕುವ ಕೋರ್ಟು ಅಲ್ಲಿಲ್ಲ. ಆದರೆ ನಾವೇ ಸಹಿ ಹಾಕಿ ಜಗತ್ತಿಗೆ ಕೊಟ್ಟ ಮಾತು ಅದು. ರಾಜತಾಂತ್ರಿಕತೆ ಅಂತ ನಿನ್ನ ಪುಸ್ತಕದಲ್ಲಿ ಬೇರೆ ಅಧ್ಯಾಯ ಇರಬಹುದು. ಸುಂದರಬನದಲ್ಲಿ ನೋಡು, ಈಚೆಗೆ ನಮ್ಮದು ರಾಮ್ಸರ್ ತಾಣ, ಆಚೆಗೆ ಬಾಂಗ್ಲಾದೇಶದ್ದೂ ರಾಮ್ಸರ್ ತಾಣ. ಹಂಚಿಕೊಂಡ ಜೌಗಿನ ವಿಷಯದಲ್ಲಿ ಕೂತು ಮಾತಾಡಬೇಕು ಅಂತ 5ನೇ ವಿಧಿ ಇದೆ. ನಮ್ಮ ಮನೆಯ ಮಾತು ನಾವೇ ಉಳಿಸಿಕೊಳ್ಳದಿದ್ದರೆ ಅಲ್ಲಿ ಕೂತು ಯಾವ ಬಾಯಲ್ಲಿ ಕೇಳುವುದು?

ಭಾವ: ಮಾತೆಲ್ಲ ಸರಿ. ಹಿರಿಯೂರಿಗೆ ಉತ್ತರ ಏನು?

ನಾನು: ಭಾವ, ಘೋಷಿಸಿದ ಭದ್ರಾ ಮೇಲ್ದಂಡೆ ಮೊದಲು ಮುಗಿಯಲಿ, ನಿಮ್ಮ ಕೆರೆಗಳು ತುಂಬಲಿ. ಅದಕ್ಕೆ ನೀವು ಧರಣಿ ಕೂತರೆ ನಾನು ರಜೆ ಹಾಕಿ ಬಂದು ನಿಮ್ಮ ಪಕ್ಕ ಕೂರ್ತೇನೆ. ಖಂಡಿತ ಬರ್ತೇನೆ.

ಭಾವ: ಬಾ. ಆದ್ರೆ ಅದಷ್ಟೇ ಸಾಕಾಗಲ್ಲ ಅಂತ ನನ್ನ ಮಾತು ನನಗಿರಲಿ.

ಪುಟ್ಟ: ಬೆಳಿಗ್ಗೆ ಕಳಿಸಿದ ಚಿತ್ರ ಅಳಿಸಿದೆ. ಇನ್ನೊಂದು ಗುಂಪಿಗೂ ಕಳಿಸಿದ್ದೆ, ಅಲ್ಲಿ ತಪ್ಪು ಎಲ್ಲಿದೆ ಅಂತ ಬರೆದು ಹಾಕಿದೀನಿ. ಈಗ 250 ಪದದ ಉತ್ತರ ಬರೀತಾ ಇದೀನಿ: ‘ರಾಮ್ಸರ್ ಮಾನ್ಯತೆ ಅಳಿವೆಯನ್ನು ಉಳಿಸಬಲ್ಲದೇ?’ ಅಪ್ಪ ಹೇಳಿದ್ದು ಎರಡನೇ ಪ್ಯಾರಾ, ಆಯಿ ಹೇಳಿದ್ದು ಮೂರನೇದು. ಮಾಗಡಿ ಗದಗಕ್ಕೆ ವಾಪಸ್ ಹೋಗಿದೆ ಮಾವ.

ಅಣ್ಣ: ಹೆಬ್ಬಾತು ಮಾರ್ಚ್‌ತನಕ ಇರ್ತಾವ. ಧಾರವಾಡದಿಂದ ಬಸ್ ಹತ್ತು, ನಾನೇ ಕರಕೊಂಡು ಹೋಗ್ತೀನಿ.

ಭಾವ: ಎರಡನೇ ಪ್ಯಾರಾದಲ್ಲಿ 1933 ಬರಿ. ಮರೀಬೇಡ.

ಆಯಿ: (ಧ್ವನಿ ಸಂದೇಶ) ಅಮಾವಾಸ್ಯೆಗೆ ನೀರು ಚೆನ್ನಾಗಿ ಇಳೀತದೆ. ಅಳಿಯಂದಿರನ್ನೂ ಕರಕೊಂಡು ಬನ್ನಿ. ಬಳಚು ಸುಕ್ಕಾ ಮಾಡಿಸ್ತೇನೆ.