ಫ್ಯಾಮಿಲಿ ಗ್ರೂಪಿಗೆ ಬಂದ ಲಿಸ್ಟು

ಮಾಮ: (ಫಾರ್ವರ್ಡ್) ಯುಪಿಎಸ್‌ಸಿ ಮೇನ್ಸ್, ಕನ್ನಡ ಸಾಹಿತ್ಯ, ಎರಡನೇ ಪೇಪರ್. ಪಂಪ, ವಚನ, ಕುಮಾರವ್ಯಾಸನ ಕರ್ಣಪರ್ವ, ಕಾರ್ನಾಡರ ನಾಟಕ ತುಘಲಕ್, ದೇವನೂರ ಮಹಾದೇವರ ಒಡಲಾಳ. ಇಷ್ಟು ಓದಿದರೆ ಸಾಕು, ಉಳಿದದ್ದು ಬಿಡಿ.

ಮಾಮ: ನೋಡವ್ವ ಪುಟ್ಟಿ, ಫ್ರೆಂಡ್ ಮಗ ಕಳ್ಸಿದ್ದು. ಅವ್ನು ಬೆಂಗ್ಳೂರಾಗೆ ಕೋಚಿಂಗ್ ತಗಂಡಾನ. ಇನ್ನ ಎರಡೇ ತಿಂಗ್ಳು ಐತಿ, ಎಲ್ಲಾ ಹಚ್ಕಂಡು ಕುಂತ್ರೆ ಜಿಎಸ್ (ಜನರಲ್ ಸ್ಟಡೀಸ್) ಯಾವಾಗ ಓದ್ತಿ

ಅಮ್ಮ: ಹೌದು ಪಾಪ ರಾತ್ರಿ ಒಂದು ಗಂಟೆ ತನಕ ಎದ್ದಿರ್ತಾಳೆ

ದೊಡ್ಡಮ್ಮ: ಲೋ ತಮ್ಮ ಇದನ್ನ ಅವಳಿಗೆ ಯಾಕೋ ಕಳಿಸ್ದೆ. ಹಳೇ ಕ್ವೆಶ್ಚನ್ ಪೇಪರ್ ಒಂದಾದ್ರೂ ತೆಗೆದು ನೋಡಿದೀಯಾ. ಎಂಟು ಪ್ರಶ್ನೆ ಇರುತ್ತೆ, ಐದು ಬರೀಬೇಕು, ಅದರಾಗೆ 1 ಮತ್ತೆ 5 ಕಡ್ಡಾಯ. ಅವೆರಡರಲ್ಲಿ ಬೇರೆ ಬೇರೆ ಪಠ್ಯದಿಂದ ಚೂರು ಚೂರು ಕೇಳ್ತಾರೆ, ಒಂದೊಂದಕ್ಕೆ 50 ಅಂದ್ರೆ 250ರಲ್ಲಿ 100 ಅಂಕ ಅಲ್ಲೇ ಐತೆ. ಐದೇ ಪುಸ್ತಕ ಓದ್ಕೊಂಡು ಹೋದೋಳು ಅಲ್ಲಿ ಏನ್ ಬರೀತಾಳೆ

ಮಾಮ: ಮತ್ತೆ ಚಾಯ್ಸ್ ಅಂತ ಕೊಡೋದೇ ಬಿಡಾಕೆ ಅಲ್ವಾ ಅಕ್ಕ

ದೊಡ್ಡಮ್ಮ: ಚಾಯ್ಸ್ ಇರೋದು ಉಳಿದ ಮೂರು ಪ್ರಶ್ನೆಗೆ. ಅಲ್ಲೂ ಪೇಪರಿನ ಎರಡೂ ಭಾಗದಿಂದ ಒಂದೊಂದಾದ್ರೂ ಬರೀಬೇಕು. ಎಲ್ಲಾ ಪಠ್ಯ ಒಂದ್ಸಲ ಪೂರ್ತಿ ಓದಿರ್ಬೇಕು, ಆಮೇಲೆ ಯಾವ್ದನ್ನ ದೊಡ್ಡದಾಗಿ ಬರೀತೀನಿ ಅಂತ ಆರಿಸ್ಕೊಳ್ಳೋದು. ಓದೋಕೆ ಮುಂಚೆನೇ ಆರಿಸ್ಕೊಂಡ್ರೆ ಅದು ಆರಿಸಿದಂಗಲ್ಲ

ಅಣ್ಣ: ದೊಡ್ಡಮ್ಮ, ಆದ್ರೆ ತುಘಲಕ್ ಸೇಫ್ ಅಲ್ವಾ. ನಮ್ಮ ಡಿಗ್ರಿಲೂ ಇತ್ತು, ನೋಟ್ಸ್ ರೆಡಿ ಇದೆ, ನಾನೇ ಕೊಡ್ತೀನಿ

ದೊಡ್ಡಮ್ಮ: ನಿನ್ನ ನೋಟ್ಸಲ್ಲಿ ಏನೈತೆ ನಾನೇ ಹೇಳ್ಲಾ. ದೆಹಲಿಯಿಂದ ದೌಲತಾಬಾದ್, ತಾಮ್ರದ ನಾಣ್ಯ, 1964ರ ನಾಟಕ, ನೆಹರೂ ಕಾಲದ ಭ್ರಮನಿರಸನ, ಮುಗೀತು. ನಾನು ಡಿಗ್ರಿ ಪೇಪರ್ ವ್ಯಾಲ್ಯುಯೇಶನ್ ಮಾಡಿದೋಳು ಕಣೋ, ಒಂದು ಬಂಡಲ್ಲಲ್ಲಿ ಮೂವತ್ತು ಜನ ಇದೇ ಬರೆದಿರ್ತಿದ್ರು ಅದೇ ಆರ್ಡರಲ್ಲಿ. ಆ ಅಗಸರ ಅಜೀಜ್ ಇದಾನಲ್ಲ, ಸುಲ್ತಾನನ ಒಂದೊಂದು ಆದರ್ಶನೂ ಹಿಡ್ಕೊಂಡು ಅದರಿಂದ್ಲೇ ಮೋಸ ಮಾಡ್ತಾ ಹೋಗ್ತಾನೆ, ಕೊನೆಗೆ ಸುಲ್ತಾನನೇ ಅವನಿಗೆ ಹುದ್ದೆ ಕೊಡ್ತಾನೆ, ಅದನ್ನ ಹಿಡ್ದು ಬರೆದೋರು ಎಷ್ಟು ಜನ? ನಾಟಕ ಕೈಯಲ್ಲಿ ಹಿಡ್ದು ಓದಿದ್ರೆ ಮಾತ್ರ ಅದು ಕಣ್ಣಿಗೆ ಬೀಳೋದು

ನಾನು: ದೊಡ್ಡಮ್ಮ ನಂಗೆ ನಿಜವಾಗ್ಲೂ ಬರೀಬೇಕು ಅನ್ಸೋದು ಕಾರಂತರ ಬೆಟ್ಟದ ಜೀವ. ಆದ್ರೆ ಎಲ್ರೂ ಅದು ಸಿಂಪಲ್, ಅದ್ರಲ್ಲಿ ವಿಮರ್ಶೆ ಮಾಡೋಕೆ ಏನೂ ಸಿಗಲ್ಲ, ಮಾರ್ಕ್ಸ್ ಬರಲ್ಲ ಅಂತಾರೆ

ಅಮ್ಮ: ಅದು ಆ ಗೋಪಾಲಯ್ಯನ ಕಥೆ ಅಲ್ವಾ, ಅವತ್ತು ಹೇಳಿದ್ಯಲ್ಲ. ಆ ಮಗ ಶಂಭು ವಾಪಸ್ ಬರ್ತಾನಾ ಕೊನೇಗೆ

ನಾನು: ಇಲ್ಲಮ್ಮ, ಬರೋದು ತೋರ್ಸೋದೇ ಇಲ್ಲ

ದೊಡ್ಡಮ್ಮ: ನೋಡು ನಿಮ್ಮಮ್ಮ ಪುಸ್ತಕ ಓದಿಲ್ಲ, ನೀನು ಹೇಳಿದ್ದು ಕೇಳಿಯೇ ಅವಳಿಗೆ ಆ ಮಗ ನೆನಪಲ್ಲಿ ಉಳಿದಿದಾನೆ. ಕಾಡು ಕಡಿದು ತೋಟ ಮಾಡಿದ ಮನುಷ್ಯ, ಆನೆ ಹುಲಿ ಯಾವ್ದಕ್ಕೂ ಜಗ್ಗದೋನು, ಮನೇಲಿ ಮಾತ್ರ ಹೆಂಡತಿ ಮುಂದೆ ಮಗನ ಸುದ್ದಿ ಬಂದ್ರೆ ಮಾತು ತಿರುಗಿಸ್ತಾನೆ. ಇದ್ರಲ್ಲಿ ಬರೆಯೋಕೆ ಏನೂ ಇಲ್ವಾ? 1943ರ ಕಾದಂಬರಿ, ಇವತ್ತು ನಮ್ಮ ಎಷ್ಟು ಮನೆ ಕಥೆ ಅದು. ಬರಿ ನೀನು

ಮಾಮ: ಅಕ್ಕ ಹಂಗಾದ್ರೆ ತರಾಸು ಕಾದಂಬರಿ ದುರ್ಗಾಸ್ತಮಾನ ಯಾಕ್ ಬರೀಬಾರ್ದು. ನಮ್ಮ ದುರ್ಗದ ಹುಡುಗಿ, ಮದಕರಿ ನಾಯಕನ ಬಗ್ಗೆ ಇವಳಿಗಿಂತ ಯಾರು ಚೆಂದ ಬರೀತಾರ. ಅಕಾಡೆಮಿ ಪ್ರಶಸ್ತಿನೂ ಬಂದೈತಿ

ನಾನು: ಮಾಮ ಅದು ಸಿಲಬಸ್‌ನಲ್ಲಿ ಇಲ್ಲ. ನಂಗೂ ಅದಂದ್ರೆ ಜೀವ, ಪಿಯುಸಿಲಿ ಕೋಟೆ ಮೇಲೆ ಕೂತ್ಕೊಂಡು ಓದಿದ್ದೆ

ದೊಡ್ಡಮ್ಮ: ಪಠ್ಯವಾಗಿ ಇಲ್ಲ, ಆದ್ರೆ ಮೊದಲ್ನೇ ಪೇಪರಲ್ಲಿ ಸಾಹಿತ್ಯ ಚರಿತ್ರೆ ಐತಲ್ಲ, ಪ್ರಗತಿಶೀಲ ಲೇಖಕರ ಬಗ್ಗೆ ಕೇಳಿದ್ರೆ ಅನಕೃ ಜತೆಗೆ ತರಾಸು ಬರಲೇಬೇಕು. ಅಲ್ಲಿ ಬರಿ. ಊರಿನ ಅಭಿಮಾನಕ್ಕೆ ಅಂತ ಎರಡ್ನೇ ಪೇಪರಲ್ಲಿ ತುರುಕಬೇಡ

ಅಣ್ಣ: ಪಂಪ ಮತ್ತೆ ಕರ್ಣಪರ್ವ ಎರಡೂ ಇಟ್ಕೊಂಡ್ರೆ ಕರ್ಣನ ಬಗ್ಗೆ ಒಂದೇ ಓದು ಸಾಕಲ್ಲ, ಎರಡು ಕಡೆ ಉಪಯೋಗ ಆಗುತ್ತೆ

ದೊಡ್ಡಮ್ಮ: ಅಯ್ಯೋ ಅಲ್ಲೇ ಎಲ್ರೂ ಜಾರೋದು! ಕೃಷ್ಣ ಕರ್ಣನ್ನ ಪಕ್ಕಕ್ಕೆ ಕರೆದು ನೀನು ಕುಂತಿ ಮಗ ಅಂತ ಹೇಳೋದನ್ನ ತಂದು ಕರ್ಣಪರ್ವದ ಉತ್ತರಕ್ಕೆ ಪುಟಗಟ್ಟಲೆ ಹಾಕ್ತಾರೆ, ಅದು ಉದ್ಯೋಗಪರ್ವದ್ದು. ಕರ್ಣಪರ್ವದಲ್ಲಿ ಶಲ್ಯ ಸಾರಥಿಯಾಗಿ ಕೂತು ಚುಚ್ಚೋದು, ರಥದ ಚಕ್ರ ಹೂತು ಹೋಗೋದು ಇವು ಬರ್ತಾವೆ. ಪಂಪನ ವಿಕ್ರಮಾರ್ಜುನ ವಿಜಯದಲ್ಲೂ ಪಠ್ಯಕ್ಕಿಟ್ಟಿರೋದು 12, 13ನೇ ಆಶ್ವಾಸ (ಅಧ್ಯಾಯ) ಅಷ್ಟೇ. ಪಂಪ ತನ್ನ ರಾಜ ಅರಿಕೇಸರಿನ ಅರ್ಜುನನ ಜತೆ ಸೇರಿಸಿ ಕಾವ್ಯ ಬರೆದೋನು, ಅಂಥೋನು ಕರ್ಣ ಬಿದ್ದ ಮೇಲೆ 'ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನ್' ಅಂತಾನೆ, ಬೇರೆ ಯಾರನ್ನೂ ನೆನೀಬೇಡ, ನೆನೆಯೋದಾದ್ರೆ ಕರ್ಣನ್ನೇ ನೆನಿ ಅಂತಾನೆ. ಹೊಗಳಬೇಕಾಗಿದ್ದು ಯಾರನ್ನ, ಮನಸ್ಸು ಹೋಗಿದ್ದು ಯಾರ ಕಡೆ, ಅದೊಂದೇ ಸಾಕು ಒಂದು ಉತ್ತರಕ್ಕೆ. ಇದನ್ನ ಓದಿಸುವಾಗೆಲ್ಲ ನಂಗೆ ಗಂಟಲು ಕಟ್ಟುತ್ತೆ, ಈಗ್ಲೂ

ನಾನು: ಸ್ಕ್ರೀನ್‌ಶಾಟ್ ತಗೊಂಡೆ ದೊಡ್ಡಮ್ಮ

ಮಾಮ: ಆತು ಒಪ್ದೆ. ಒಡಲಾಳ ಸಣ್ಣ ಪುಸ್ತಕ, ಒಂದಿನದಾಗೆ ಮುಗೀತೈತಿ, ಅದನ್ನಾದ್ರೂ ಇಟ್ಕಳ್ಳಲಿ ಅಂದೆ

ದೊಡ್ಡಮ್ಮ: ಸಣ್ಣದು ಅಂತ ಬೇಡ. ಅದು ನಂಜನಗೂಡು ಸೀಮೆ ಮಾತು, ನಾವು ಈ ಕಡೆಯೋರು ನಿಧಾನಕ್ಕೆ ಬಾಯಿಬಿಟ್ಟು ಓದ್ಬೇಕು. ಸಾಕವ್ವ ಹುಂಜ ಹುಡುಕೋದು, ಕದ್ದು ತಂದ ಕಡ್ಲೇಕಾಯಿ ಮೂಟೇನ ಮನೆಯೋರೆಲ್ಲ ಕೂತು ರಾತ್ರಿಯಿಡೀ ತಿನ್ನೋದು. ಆ ಹಸಿವು ಗೊತ್ತಾಗ್ದೆ ಶೋಷಣೆ, ಬಂಡಾಯ ಅಂತ ಬರೀ ಪದ ಜೋಡಿಸಿದ್ರೆ ಉತ್ತರ ಆಗಲ್ಲ

ನಾನು: ಹಂಗಾದ್ರೆ ನಂದು ಹಿಂಗೆ. ಎಲ್ಲಾ ಒಂದ್ಸಲ ಓದ್ತೀನಿ. ದೊಡ್ಡ ಪ್ರಶ್ನೆಗೆ ಪಂಪ, ಬೆಟ್ಟದ ಜೀವ, ಕುವೆಂಪು ನಾಟಕ ಶೂದ್ರ ತಪಸ್ವಿ. ಆ ನಾಟಕಕ್ಕೆ ಮಾಸ್ತಿ ಆಕ್ಷೇಪ ಎತ್ತಿದ್ರಲ್ಲ, ಅವ್ರದ್ದೂ ಕುವೆಂಪು ಅವ್ರದ್ದೂ ಎರಡೂ ವಾದ ಇಟ್ಕೊಂಡು ನಂದೇ ಮಾತು ಬರೀಬಹುದು

ದೊಡ್ಡಮ್ಮ: ಇದು ಆರಿಸೋದು ಅಂದ್ರೆ

ಮಾಮ: ಆದ್ರೆ ಅಕ್ಕ ಭರತೇಶ ವೈಭವ ಒಂದು ಬಿಡ್ಲಿ. ಯಾರೂ ಓದಲ್ಲ ಅದನ್ನ

ದೊಡ್ಡಮ್ಮ: ಅದನ್ನೇ ಮೊದ್ಲು ಓದಿಸ್ತೀನಿ. ಸಾಂಗತ್ಯ ಕಣೋ, ಹಾಡೋ ಕಾವ್ಯ ಅದು. ಕನ್ನಡದೋರು ತೆಲುಗರು ತುಳುವರು ಅವರವರ ಭಾಷೇಲಿ ಚೆನ್ನಾಗೈತೆ ಅಂತ ಮೈಯುಬ್ಬಿ ಕೇಳ್ಬೇಕು ಅಂತ ಬರ್ಕೊಂಡೋನು ರತ್ನಾಕರವರ್ಣಿ. ಪುಟ್ಟಿ ಭಾನುವಾರ ಬೆಳಿಗ್ಗೆ ದಾವಣಗೆರೆಯಿಂದ ಮೊದ್ಲ ಬಸ್ ಹತ್ಕೊಂಡು ಬಾ, ನೋಟ್ಸ್ ತರಬೇಡ ಪುಸ್ತಕ ತಗೊಂಡು ಬಾ

ಮಾಮ: ಬಸ್ ಯಾಕೆ, ನಾನೇ ಕಾರಲ್ಲಿ ಕರ್ಕಂಡು ಬರ್ತೀನಿ. ಹಾಡೋದು ನಾನೂ ಕೇಳ್ತೀನಿ