ದಾನಿಯದು ‘ಸಲಹೆ’ಯೋ ‘ನಿರ್ದೇಶನ’ವೋ?

ಬಲ್ಲವರಲ್ಲಿ ಒಂದು ವಿಚಾರಣೆ. ಕಮ್ಯುನಿಟಿ ಫೌಂಡೇಶನ್ (ಹಲವರ ದಾನವನ್ನು ಒಟ್ಟುಗೂಡಿಸಿ ಊರಿನ ಒಳಿತಿಗೆ ಹಂಚುವ ಸಂಸ್ಥೆ) ಮೂಲಕ ದಾನ ಕೊಡುವವರು ಎಂತಹ ನಿಧಿಯನ್ನು ಆರಿಸಿಕೊಳ್ಳಬೇಕು ಎಂದು ತಿಳಿಸುವ ಕಿರು ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಸ್ಥೆಯ ಹೆಸರಿನಲ್ಲೇ ಎಡವಿದೆ. ‘ಸಮುದಾಯ ಪ್ರತಿಷ್ಠಾನ’ ಎಂದು ಬರೆದು ಗೆಳೆಯರೊಬ್ಬರಿಗೆ ತೋರಿಸಿದರೆ, “ಯಾವ ಸಮುದಾಯದ್ದು?” ಎಂದರು. ಪತ್ರಿಕೆಗಳಲ್ಲಿ ಆ ಪದ ಜಾತಿಗೆ ಹೊದಿಸುವ ಶಾಲಾಗಿರುವಾಗ ಅವರದೇನು ತಪ್ಪು? 1914ರಲ್ಲಿ ಫ್ರೆಡರಿಕ್ ಗಾಫ್ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇಂತಹ ಮೊದಲ ಸಂಸ್ಥೆ ಕಟ್ಟಿದ್ದು ಇಡೀ ಊರಿಗಾಗಿ. ಹಾಗಾಗಿ ಸದ್ಯಕ್ಕೆ ‘ಊರ ಪ್ರತಿಷ್ಠಾನ’ ಎಂದಿಟ್ಟುಕೊಂಡಿದ್ದೇನೆ.

ನಿಜವಾದ ತೊಡಕು ‘ಡೋನರ್ ಅಡ್ವೈಸ್ಡ್ ಫಂಡ್’ನದು. ಮೊದಲು ‘ದಾನಿ ನಿರ್ದೇಶಿತ ನಿಧಿ’ ಎಂದು ಬರೆದೆ. ಕಿವಿಗೆ ಗಂಭೀರವಾಗಿದೆ, ಅರ್ಥ ಮಾತ್ರ ತಲೆಕೆಳಗು. ಕೊಟ್ಟ ಗಳಿಗೆಯಿಂದ ಹಣ ಪ್ರತಿಷ್ಠಾನದ್ದು. ಯಾರಿಗೆ ಹಂಚಬಹುದೆಂದು ದಾನಿ ಸೂಚಿಸಬಹುದು, ಸಾಮಾನ್ಯವಾಗಿ ಅದು ನಡೆಯುತ್ತದೆ ಕೂಡ. ಆದರೆ “ನನ್ನ ಮಗಳ ಕಾಲೇಜು ಶುಲ್ಕ ಇದರಲ್ಲೇ ಕಟ್ಟಿ” ಎಂದರೆ ಆಗದು ಎನ್ನಲೇಬೇಕಾಗುತ್ತದೆ. ನಮ್ಮ ಕಚೇರಿ ಕನ್ನಡದಲ್ಲಾದರೋ ‘ನಿರ್ದೇಶಿಸಲಾಗಿದೆ’ ಎಂದರೆ ಅಪ್ಪಣೆಯೇ. ಅದನ್ನು ನಂಬಿ ಸಹಿ ಹಾಕಿದವರು ನಾಳೆ ಜಗಳಕ್ಕೆ ಬರುತ್ತಾರೆ.

ಸರಿ, ‘ದಾನಿ ಸಲಹಾ ನಿಧಿ’ ಎನ್ನೋಣವೇ? ‘ಸಲಹಾ ಸಮಿತಿ’ ಸಲಹೆ ಕೊಡುವ ಸಮಿತಿ. ಅದೇ ಜಾಡಿನಲ್ಲಿ ಇದು ದಾನಿಗಳಿಗೆ ಬುದ್ಧಿ ಹೇಳುವ ನಿಧಿಯಾಗಿಬಿಡುತ್ತದೆ. ‘ದಾನಿಯ ಸಲಹೆಯಂತೆ ನಡೆಯುವ ನಿಧಿ’ ಎಂದರೆ ಆ ‘ಅಂತೆ’ಯೇ ಮಾತು ಕೊಟ್ಟಂತಾಗುತ್ತದೆ. ಕೊನೆಗೆ ಹೊಳೆದದ್ದು ‘ದಾನಿಯನ್ನು ಕೇಳಿ ಹಂಚುವ ನಿಧಿ’. ‘ಕೇಳು’ವಿನಲ್ಲಿ ವಿಚಾರಿಸುವುದೂ ಇದೆ, ಕಿವಿಗೊಡುವುದೂ ಇದೆ. ಆದರೆ ಹೇಳಿದ ಮಾತು ಕೇಳುವ ಮಕ್ಕಳ ‘ಕೇಳು’ ಇಲ್ಲಿ ನುಸುಳೀತೇ ಎಂಬ ಅಳುಕು ನನಗಿದೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

ಎಲ್ಲಕ್ಕೂ ‘ದತ್ತಿ’ ಎಂದು ಸಾರಿಸಿಬಿಡಿ ಎಂದವರೂ ಇದ್ದಾರೆ. ಒಳ್ಳೆಯ ಪದವೇ. ‘ದತ್ತ’ವೆಂದರೆ ಕೊಟ್ಟಾಗಿದ್ದು, ಕೊಟ್ಟದ್ದನ್ನು ಮರಳಿ ಕಿತ್ತುಕೊಂಡರೆ ದತ್ತಾಪಹಾರ. ಮೇಲಿನ ಕಾನೂನಿನ ಅರ್ಧ ಆ ಒಂದು ಪದದಲ್ಲೇ ಇದೆ. ಆದರೆ ದತ್ತಿ ಉಪನ್ಯಾಸ ಕೇಳಿ ಬೆಳೆದವರಿಗೆ ದತ್ತಿಯೆಂದರೆ ಅಸಲು ಮುಟ್ಟದೆ ಬಡ್ಡಿಯಲ್ಲಿ ನಡೆಸುವಂಥದ್ದು. ಅದು ಎಂಡೋಮೆಂಟಿಗೆ ಹೊಂದುತ್ತದೆ. ದಾನಿಯನ್ನು ಕೇಳಿ ಹಂಚುವ ನಿಧಿಯನ್ನೋ ಪೂರ್ತಿ ಖರ್ಚು ಮಾಡಿ ಮುಗಿಸಲೂಬಹುದು.

ಉಳಿದವು ಅಷ್ಟು ಕಾಡಲಿಲ್ಲ. ಶಿಕ್ಷಣ, ಆರೋಗ್ಯ ಎಂದು ವಿಷಯವನ್ನಷ್ಟೇ ಹೇಳಿ ಬಿಡುವುದಕ್ಕೆ ‘ಉದ್ದೇಶ ನಿಧಿ’. ಯಾವ ಷರತ್ತೂ ಇಲ್ಲದ್ದಕ್ಕೆ ‘ಮುಕ್ತ ನಿಧಿ’. ಒಂದೇ ಸಂಸ್ಥೆಯನ್ನು ಹೆಸರಿಸಿ ಕೊಡುವುದನ್ನು ‘ಮೀಸಲು ನಿಧಿ’ ಎನ್ನುವಂತಿಲ್ಲ, ಲೆಕ್ಕಪತ್ರದವರು ಆ ಹೆಸರನ್ನು ಆಪತ್ತಿಗೆಂದು ಎತ್ತಿಡುವ ಹಣಕ್ಕೆ ಆಗಲೇ ಕೊಟ್ಟಿದ್ದಾರೆ. ‘ನಿಯತ ನಿಧಿ’ ಆದೀತೇನೋ. ಆದರೆ ಹೆಸರಿಸಿದ ಸಂಸ್ಥೆಯೇ ಮುಚ್ಚಿಹೋದರೆ ಹಣವನ್ನು ಅದಕ್ಕೆ ಹತ್ತಿರದ ಕೆಲಸಕ್ಕೆ ತಿರುಗಿಸುವ ಅಧಿಕಾರ ಪ್ರತಿಷ್ಠಾನಕ್ಕಿರುತ್ತದೆ. ಕಾಲ ಮೀರಿದ ಉಯಿಲುಗಳ ಹಿಡಿತದಿಂದ ಹಣವನ್ನು ಬಿಡಿಸುವುದೇ ಗಾಫ್ ಅವರ ಉದ್ದೇಶವಾಗಿತ್ತು. ಹೀಗೆ ಬದಲಾಗಬಲ್ಲದ್ದನ್ನು ‘ನಿಯತ’ ಎನ್ನಬಹುದೇ?

ದಾನಿ ತುಂಬುವ ಅರ್ಜಿಯಲ್ಲಿ ಗುರುತು ಹಾಕುವ ಚೌಕದ ಪಕ್ಕ ಇರುವುದು ಮೂರು ಪದಗಳ ಜಾಗ. ನನ್ನ ‘ಕೇಳಿ ಹಂಚುವ’ದಲ್ಲಿ ನಾಲ್ಕಿವೆ. ಒಂದನ್ನು ಉಳಿಸಿಕೊಡುವವರಿದ್ದರೆ ದಯವಿಟ್ಟು ಬರೆಯಿರಿ.