ಬನವಾಸಿ, ಗೇರುಸೊಪ್ಪೆ, ಮಿರ್ಜಾನ್, ಗೋಕರ್ಣ: ಘಟ್ಟ ಎಲ್ಲಿ ಇಳಿಯೋದು?

ಹುಬ್ಬಳ್ಳಿಯವ:
ನವೆಂಬರ್ ಕೊನೆಗೆ ನಾನು, ನನ್ನ ಹೆಂಡತಿ ಕಾರಲ್ಲಿ ನಾಲ್ಕು ದಿನ ಹೊರಟಿದ್ದೇವೆ. ಹಳೇ ಗುಡಿ, ಬಸದಿ, ಕೋಟೆ ಮೊದಲು, ಸಮುದ್ರ ಆಮೇಲೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯೋದೇ ಸರಿಯಾ? ಸಹಸ್ರಲಿಂಗ ಆಗ ಕಾಣುತ್ತಾ?

ಘಟ್ಟದ ಮೇಲಿನವ:
ಮಳೆ ಬೇಗ ಬಿಟ್ಟಿದ್ದರೆ ಕಾಣುತ್ತೆ. ಶಾಲ್ಮಲೆ ಹೊಳೆ ನೀರು ಇಳಿದಷ್ಟೂ ಬಂಡೆಗಳಲ್ಲಿ ಕೆತ್ತಿದ ಲಿಂಗ ಜಾಸ್ತಿ ಕಾಣುತ್ತೆ. ಹಿಂದಿನ ವಾರ ಜೋರು ಮಳೆ ಬಿದ್ದಿದ್ದರೆ ಸೇತುವೆ ಮೇಲಿಂದ ನೋಡಿ ಸುಮ್ಮನಾಗಿ. ಬಂಡೆ ಮೇಲಿನ ಹಾವಸೆಗೆ ಚಪ್ಪಲಿ ನಿಲ್ಲೋದಿಲ್ಲ. ಮಠ, ಬಸದಿಗಳ ಊರು ಸೋದೆ ಅದೇ ದಿಕ್ಕು, ಜೊತೆಗೇ ಮುಗಿಸಿ.

ಬನವಾಸಿ ಶಿರಸಿಯಿಂದ ಸುಮಾರು 23 ಕಿ.ಮೀ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿರುತ್ತೆ. ಮಧುಕೇಶ್ವರನಿಗೆ ಕೈಮುಗಿದು ಹೊರಟುಬಿಡುವವರೇ ಹೆಚ್ಚು. ಐದು ಹೆಡೆಯ ನಾಗಶಿಲ್ಪ ಹುಡುಕಿ ನೋಡಿ, ಅಂಚಿನಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಬರಹ ಇದೆ. ಸೋದೆ ಅರಸರ ಕಾಲದ ಕಲ್ಲುಮಂಚ ಬಿಡಬೇಡಿ.

ಹೊನ್ನಾವರ ಕಡೆಯವ:
ದೇವಿಮನೆ ಬೇಡ ಅಂತೀನಿ. ಸಿದ್ದಾಪುರ, ಮಾವಿನಗುಂಡಿ ಮೇಲೆ ಇಳೀರಿ. ಜೋಗ ಪಕ್ಕದಲ್ಲೇ, ಗೇರುಸೊಪ್ಪೆ ದಾರಿಯಲ್ಲೇ ಸಿಗುತ್ತೆ. ದೇವಿಮನೆ ಇಳಿದರೆ ಕುಮಟಾಕ್ಕೆ ಬರ್ತೀರಿ, ಮತ್ತೆ ಗೇರುಸೊಪ್ಪೆಗೆ ಯಾರೂ ವಾಪಸ್ ಹೋಗಲ್ಲ.

ಗೇರುಸೊಪ್ಪೆಯ ಚತುರ್ಮುಖ ಬಸದಿ ಪೇಟೆಯಲ್ಲಿಲ್ಲ, ಶರಾವತಿಯ ಆಚೆ ದಡದ ನಗರಬಸ್ತಿಕೇರಿಯಲ್ಲಿದೆ. ಕಾಡಿನ ದಾರಿ, ಅಂಗಡಿ ಇಲ್ಲ, ಆರಕ್ಕೆಲ್ಲ ಕತ್ತಲು. ಮೂರು ಗಂಟೆಯೊಳಗೆ ಮುಟ್ಟಿ. ನಾಲ್ಕು ದಿಕ್ಕಿಗೂ ಬಾಗಿಲು, ಮೇಲೆ ಶಿಖರ ಇಲ್ಲ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂದ ಚೆನ್ನಭೈರಾದೇವಿಯ ರಾಜಧಾನಿ ಈ ಗೇರುಸೊಪ್ಪೆ. ಇದನ್ನು ನೋಡಿ ಮಿರ್ಜಾನಿಗೆ ಹೋದರೆ ಅಘನಾಶಿನಿ ಹೊಳೆ ಪಕ್ಕದಲ್ಲಿ ಆ ಕೋಟೆ ಯಾಕೆ ಬೇಕಿತ್ತು ಅಂತ ತಾನಾಗೇ ತಿಳಿಯುತ್ತೆ: ಮೆಣಸು ಹಡಗು ಹತ್ತಬೇಕಲ್ಲ.

ಮಿರ್ಜಾನ್ ಹೆದ್ದಾರಿಗೆ ಹತ್ತಿರ. ಒಳಗೆ ನೆರಳಿಲ್ಲ, ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲ ಸಂಜೆ ನಾಲ್ಕರ ಮೇಲೆ. ಕೋಟೆಯ ಚಿರೆಕಲ್ಲು (ಜಂಬಿಟ್ಟಿಗೆ) ನೀರು ಹಿಡಿದಿಟ್ಟುಕೊಳ್ಳುತ್ತೆ, ಮಳೆ ಬಿಟ್ಟರೂ ಗೋಡೆಯ ನೆರಳು ಬೀಳುವ ಕಡೆ ಜಾರುತ್ತೆ. ಬುರುಜಿನ ಅಂಚಿಗೆ ಹೋಗಿ ಫೋಟೋ ತೆಗೀಬೇಡಿ.

ಹುಬ್ಬಳ್ಳಿಯವ:
ಹಾಗಾದರೆ ದೇವಿಮನೆ ಕಡೆಯ ಯಾಣದ ಬಂಡೆಗಳನ್ನ ಕೈಬಿಡೋದಾ?

ಘಟ್ಟದ ಮೇಲಿನವ:
ಬಿಡಬೇಕಾಗಿಲ್ಲ ಮಾರಾಯ್ರೆ, ಕುಮಟಾದಿಂದ ಅರ್ಧ ದಿನದಲ್ಲಿ ಆಗುತ್ತೆ. ಆದರೆ ಗೋಕರ್ಣದ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ನನ್ನನ್ನು ಕೇಳಿದರೆ ಯಾಣಕ್ಕೆ ಇನ್ನೊಮ್ಮೆ ಬನ್ನಿ.

ಕಾರವಾರದವ:
ಗೋಕರ್ಣದಲ್ಲಿ ಗಂಡಸರು ಅಂಗಿ ತೆಗೆದು, ಪಂಚೆ ಉಟ್ಟು ಗುಡಿಯೊಳಗೆ ಹೋಗಬೇಕು. ಒಂದು ಪಂಚೆ ಕಾರಲ್ಲಿರಲಿ. ಓಂ ಬೀಚಿಂದ ಹಾಫ್ ಮೂನ್‌ಗೆ ಗುಡ್ಡದ ಕಾಲುದಾರಿ ಹಿಡೀರಿ. ಇಳಿತ ಇದೆ ಅಂತ ಕೆಳಗೆ ಬಂಡೆ ಮೇಲೆ ಹೋದವರು ವಾಪಸ್ ಬರೋ ಹೊತ್ತಿಗೆ ಉಬ್ಬರ ಆಗಿರುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಲ್ಲಿ ನೀರು ಇನ್ನೂ ಮೇಲೆ ಬರುತ್ತೆ.

ಕಾರವಾರದಲ್ಲಿ ಕಡಲತೀರದ ಚಪಲ್ ಯುದ್ಧನೌಕೆ ಸಂಗ್ರಹಾಲಯ, ಕಾಳಿ ನದಿ ಆಚೆ ಸದಾಶಿವಗಡ ಕೋಟೆ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಬಿತ್ತಲ್ಲ, ಹೊಸದರ ಮೇಲೆ ಸಂಜೆ ಹೊತ್ತು ನಿಧಾನ ಆಗಬಹುದು. ಹುಬ್ಬಳ್ಳಿಗೆ ವಾಪಸ್ ಅಂಕೋಲಾ, ಅರಬೈಲ್ ಘಟ್ಟ, ಯಲ್ಲಾಪುರ. ಸರಕಿನ ಲಾರಿ ದಾರಿ ಅದು, ಬೆಳಕಿರುವಾಗಲೇ ಹತ್ತಿಬಿಡಿ.